ಕಣ, ಬುತ್ತಿ ಮತ್ತು ಅರವಟ್ಟಿಗೆ: ಕ್ರೀಡಾಪ್ರೇಕ್ಷಕರ ಅನ್ನ-ನೀರಿನ ಚರಿತ್ರೆಗೊಂದು ಪ್ರವೇಶ

ಕನ್ನಡ ನಾಡಿನ ಕ್ರೀಡಾ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಆಟಗಾರನಿಗೆ, ಅವನ ಆಶ್ರಯದಾತನಿಗೆ ಹಾಗೂ ಗೆಲುವು-ಸೋಲುಗಳಿಗೆ ದೊರೆತಿರುವ ಸ್ಥಾನ ಪ್ರೇಕ್ಷಕನಿಗೆ ದೊರೆತಿಲ್ಲ. ಅವನನ್ನು ಸಾಮಾನ್ಯವಾಗಿ 'ಕಿಕ್ಕಿರಿದ ಜನಸ್ತೋಮ' ಎಂಬ ಎರಡು ಪದಗಳಲ್ಲಿ ಮುಗಿಸುವುದೇ ರೂಢಿ. ಆ ಜನಸ್ತೋಮ ಇಡೀ ಹಗಲು ಬಿಸಿಲಿನಲ್ಲಿ ಕುಳಿತು ಏನನ್ನು ತಿಂದಿತು, ಎಲ್ಲಿಯ ನೀರು ಕುಡಿಯಿತು, ಅದನ್ನು ಮನೆಯಿಂದ ತಂದಿತೆ ಅಥವಾ ಅಲ್ಲಿಯೇ ಕೊಂಡಿತೆ ಎಂಬ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ಕಣದ ಒಳಕ್ಕೆ ಅನ್ನವನ್ನು ಒಯ್ಯುವ ಅಧಿಕಾರ ಯಾರದು ಎಂಬುದರಲ್ಲಿ ಕಣವು ಯಾರದು ಎಂಬುದೂ ಅಡಗಿದೆ. ಈ ದೃಷ್ಟಿಯಿಂದ ಕಲಬುರಗಿ ಪರಿಸರವನ್ನು ಮುಖ್ಯ ನೆಲೆಯಾಗಿ ಇರಿಸಿಕೊಂಡು ವಿಷಯವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕಲಬುರಗಿ ನಗರದಿಂದ ಹೊರಡುವ ಎರಡು ದಾರಿಗಳು ಎರಡು ಹಳೆಯ ರಾಜಧಾನಿಗಳನ್ನು ಮುಟ್ಟುತ್ತವೆ. ಸೇಡಂ ರಸ್ತೆಯು ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವನ್ನೂ ಬುದ್ಧವಿಹಾರವನ್ನೂ ದಾಟಿ, ಸುಮಾರು 40 ಕಿ.ಮೀ. ದೂರದಲ್ಲಿ ಕಾಗಿಣಾ ದಂಡೆಯ ಮಳಖೇಡಕ್ಕೆ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟಕ್ಕೆ ಒಯ್ಯುತ್ತದೆ. ಕಮಲಾಪುರ, ಹುಮನಾಬಾದ್‌ಗಳ ಮೂಲಕ ಸಾಗುವ ದಾರಿ ಚಾಲುಕ್ಯರ ಕಲ್ಯಾಣವನ್ನು, ಇಂದಿನ ಬಸವಕಲ್ಯಾಣವನ್ನು ತಲುಪಿಸುತ್ತದೆ. ಪ್ರಸ್ತುತ ವಿಷಯಕ್ಕೆ ಅತ್ಯಂತ ಹಳೆಯ, ವಿವರವಾದ ಆಧಾರ ದೊರೆಯುವುದು ಎರಡನೆಯ ದಾರಿಯ ತುದಿಯಲ್ಲಿ. ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು ಶಕ 1051ರ, ಎಂದರೆ ಕ್ರಿ.ಶ. 1129ರ ಸುಮಾರಿನ ಸಂಸ್ಕೃತ ಗ್ರಂಥ. ಅದರ ವಿನೋದ ಭಾಗದಲ್ಲಿ 'ಮಲ್ಲವಿನೋದ'ವೆಂಬ ಅಧ್ಯಾಯವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಶಕ್ತಿಗಳಿಗೆ ಅನುಗುಣವಾಗಿ ವರ್ಗೀಕರಿಸಿ, ಅವರ ವ್ಯಾಯಾಮವನ್ನೂ ಆಹಾರವನ್ನೂ ಅಲ್ಲಿ ಹೇಳಲಾಗಿದೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಉತ್ತಮವಾದ ಸಿಹಿ ತಿನಿಸುಗಳನ್ನು ಮಲ್ಲರಿಗೆ ಒದಗಿಸುವುದು ಅರಸನ ಹೊಣೆ. ಇದೇ ಗ್ರಂಥದ ಉಪಭೋಗ ಭಾಗದಲ್ಲಿ ಅನ್ನಭೋಗ, ಪಾನೀಯಭೋಗಗಳೆಂಬ ಅಧ್ಯಾಯಗಳೂ ಇದ್ದು, ದೋಸೆ, ವಡೆಗಳ ಪೂರ್ವರೂಪಗಳು ಅಲ್ಲಿ ಹೆಸರಿಸಲ್ಪಟ್ಟಿವೆ. ಕುಡಿಯುವ ನೀರಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟ ಅರಸ ಈ ಬಿಸಿಲುನಾಡಿನವನು ಎಂಬುದು ಆಕಸ್ಮಿಕವಲ್ಲ.

ಆದರೆ ಈ ವಿವರಗಳ ಕೇಂದ್ರದಲ್ಲಿರುವವರು ಅರಸ ಮತ್ತು ಮಲ್ಲ. ಉಣ್ಣುವವನು ಮಲ್ಲ, ಉಣಿಸುವವನು ಅರಸ, ನೋಡುವವನೂ ಅರಸನೇ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಡೊಮಿಂಗೊ ಪೇಸ್ ಮಹಾನವಮಿಯ ಮಲ್ಲಯುದ್ಧವನ್ನು ವರ್ಣಿಸಿ, ಗೆದ್ದವರಿಗೆ ರೇಷ್ಮೆ ವಸ್ತ್ರ ನೀಡುತ್ತಿದ್ದುದನ್ನು ಹೇಳುವಾಗಲೂ ದೃಷ್ಟಿ ಅರಸನ ಆಸನದ ಸುತ್ತಲೇ ಇದೆ. ಸಾಮಾನ್ಯ ಪ್ರೇಕ್ಷಕನ ಅನ್ನವನ್ನು ತಿಳಿಯಲು ಅರಮನೆಯಿಂದ ಜಾತ್ರೆಗೆ ಇಳಿಯಬೇಕಾಗುತ್ತದೆ.

ಇಲ್ಲಿ ಒಂದು ಪದವನ್ನು ಗಮನಿಸುವುದು ಉಚಿತ. ಕನ್ನಡದಲ್ಲಿ ಬೆಳೆಯನ್ನು ತುಳಿಸಿ ರಾಶಿ ಮಾಡುವ ನೆಲಕ್ಕೂ ಸೆಣಸಾಟದ ನೆಲಕ್ಕೂ 'ಕಣ' ಎಂಬ ಒಂದೇ ಹೆಸರು. ಕಲಬುರಗಿ ಸೀಮೆಯಲ್ಲಿ ಉರ್ದು-ಮರಾಠಿಗಳ ಒಡನಾಟದಿಂದ 'ಅಖಾಡ', 'ತಾಲೀಮು', 'ಉಸ್ತಾದ', 'ಪೈಲವಾನ' ಎಂಬ ಪದಗಳು ಬಳಕೆಗೆ ಬಂದರೂ 'ಕುಸ್ತಿ ಕಣ' ಎಂಬ ಮಾತು ಉಳಿದುಕೊಂಡಿದೆ. ಜೋಳದ ರಾಶಿ ಮುಗಿದು ಹೊಲ ಬರಿದಾದ ಮೇಲೆ ಜಾತ್ರೆಗಳ ಕಾಲ ಆರಂಭವಾಗುತ್ತದೆ. ಕೈಯಲ್ಲಿ ಧಾನ್ಯವೂ ಬಿಡುವೂ ಇರುವ ಈ ತಿಂಗಳುಗಳಲ್ಲಿಯೇ ಕುಸ್ತಿ ಏರ್ಪಡುತ್ತದೆ. ಅಂದರೆ ಆಟದ ಕಣವು ಅನ್ನದ ಕಣದ ಬೆನ್ನ ಹಿಂದೆಯೇ ಬರುತ್ತದೆ.

ಜಾತ್ರೆಯ ಕುಸ್ತಿಗೆ ಬರುವವನ ಹೆಗಲಲ್ಲಿ ಬುತ್ತಿ ಇರುತ್ತಿತ್ತು. 'ಭುಕ್ತಿ' ಎಂಬುದರ ತದ್ಭವವಾದ ಈ ಪದ ಪ್ರಯಾಣದ ಅನ್ನಕ್ಕೆ ಮಾತ್ರ ಸಲ್ಲುತ್ತದೆ. ಮನೆಯಲ್ಲಿ ಉಂಡದ್ದನ್ನು ಯಾರೂ ಬುತ್ತಿ ಎನ್ನುವುದಿಲ್ಲ. ಈ ಭಾಗದ ಬುತ್ತಿಯ ರಚನೆಯಲ್ಲಿ ಹವೆಯ ಜ್ಞಾನವಿದೆ. ಒಣಗಿಸಿದ ಕಟಕು ರೊಟ್ಟಿ ವಾರಗಟ್ಟಲೆ ಕೆಡದು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳಲ್ಲಿ ನೀರಿನ ಅಂಶವಿಲ್ಲದ್ದರಿಂದ ಅವೂ ಹಳಸವು. ಉಳ್ಳಾಗಡ್ಡಿ ಬಿಸಿಲಿಗೆ ಒಳ್ಳೆಯದೆಂಬ ನಂಬಿಕೆ. ಮೊಸರು ಅಥವಾ ಮಜ್ಜಿಗೆ ಇದ್ದರೆ ಅದು ಆ ದಿನದ ಮಟ್ಟಿಗೆ. ಎಳ್ಳ ಅಮಾವಾಸ್ಯೆಯಂದು ಕಲಬುರಗಿ, ಬೀದರ ಸೀಮೆಯ ಜನ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಅಂಬಲಿಗಳನ್ನು ಹೊತ್ತು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ನೆರೆಹೊಲದವರನ್ನು ಕರೆದು ಉಣ್ಣುವ ಪದ್ಧತಿ ಇಂದಿಗೂ ಇದೆ. ಬಯಲಿನಲ್ಲಿ ಕುಳಿತು, ಕಟ್ಟಿ ತಂದದ್ದನ್ನು ಬಿಚ್ಚಿ, ಪಕ್ಕದವನಿಗೂ ನೀಡಿ ಉಣ್ಣುವುದು ಇಲ್ಲಿ ಬಡತನದ ಗುರುತಲ್ಲ, ಹಬ್ಬದ ಕ್ರಮ. ಕುಸ್ತಿ ಕಣದ ಅಂಚಿಗೆ ಬಂದದ್ದೂ ಇದೇ ಕ್ರಮ.

ಬುತ್ತಿಯ ಜೊತೆಗೆ ಜಾತ್ರೆಯಲ್ಲಿ ಇನ್ನೆರಡು ಅನ್ನಮೂಲಗಳಿದ್ದವು. ಒಂದು ದಾಸೋಹ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಿಂದ ಅರ್ಥ ಪಡೆದ ಈ ತತ್ವ ಕಲಬುರಗಿಯಲ್ಲಿ ಶರಣಬಸವೇಶ್ವರರ (1746–1822) ಹೆಸರಿನೊಡನೆ ಬೆಸೆದುಕೊಂಡಿದೆ. ಅರಳಗುಂಡಗಿಯ ಒಕ್ಕಲುಮನೆತನದಿಂದ ಬಂದ ಅವರು ಹೊಲದ ತೆನೆಯನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟರೆಂಬ ಕಥೆ ಜನಜನಿತ. ಹೋಳಿಯ ನಂತರದ ಪಂಚಮಿಯ ಸುಮಾರಿಗೆ ನಡೆಯುವ ಅವರ ರಥೋತ್ಸವಕ್ಕೆ ಬಂದವರು ಹಸಿದು ಹಿಂದಿರುಗಬಾರದೆಂಬುದು ಸಂಸ್ಥಾನದ ನಡೆ. 1422ರಲ್ಲಿ ನಿಧನರಾದ ಖ್ವಾಜಾ ಬಂದೇ ನವಾಜರ ಉರುಸಿಗೂ ಇಂತಹದೇ ಅನ್ನದ ಪರಂಪರೆಯ ಹಿನ್ನೆಲೆಯಿದೆ. ಇನ್ನೊಂದು ಅಂಗಡಿ ಸಾಲು. ಚುರುಮುರಿ, ಪುಠಾಣಿ, ಬೆಂಡು-ಬತ್ತಾಸು, ಖಾರ-ಸೇವು, ಮಿರ್ಚಿ ಭಜಿ, ಕಬ್ಬಿನ ಹಾಲು, ಗೋಲಿ ಸೋಡಾ. ಗೋಲಿಯ ಬಾಯಿಯ ಈ ಸೀಸೆ 1870ರ ದಶಕದಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ ರೂಪಿಸಿದ್ದು. ತವರಿನಲ್ಲಿ ಮರೆಯಾದ ಮೇಲೂ ನಮ್ಮ ಜಾತ್ರೆಗಳಲ್ಲಿ ಬಹುಕಾಲ ಬದುಕಿತು. ಕಮಲಾಪುರದ ಕೆಂಪು ಬಾಳೆ, ಇಂದು ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಹಣ್ಣು, ಆ ಸಾಲಿನಲ್ಲಿ ತುಸು ದುಬಾರಿಯ ವಸ್ತು. ಕಣದೊಳಗೂ ತಿನಿಸೇ ಬಹುಮಾನವಾಗಿತ್ತು ಎಂಬುದನ್ನು ಮರೆಯಲಾಗದು. ಈ ಭಾಗದ ಜಾತ್ರೆಯ ಕುಸ್ತಿ ಮಕ್ಕಳ ತೆಂಗಿನಕಾಯಿ ಜೋಡಿಯಿಂದ ಆರಂಭವಾಗಿ ಬೆಳ್ಳಿ ಕಡಗದ ಜೋಡಿಯಲ್ಲಿ ಮುಗಿಯುತ್ತದೆ. ಗೆದ್ದ ಹುಡುಗ ಕಾಯಿಯನ್ನು ಅಲ್ಲಿಯೇ ಒಡೆದು ಗೆಳೆಯರಿಗೆ ಹಂಚುವುದು ಸಾಮಾನ್ಯ ನೋಟ.

ತಂದದ್ದು, ನೀಡಿದ್ದು, ಮಾರಿದ್ದು ಎಂಬ ಮೂರೂ ಬಗೆಗಳು ಹೀಗೆ ಒಂದೇ ಬಯಲಿನಲ್ಲಿ ಒಟ್ಟಿಗಿದ್ದವು. ಯಾವುದೂ ಇನ್ನೊಂದನ್ನು ನಿಷೇಧಿಸುತ್ತಿರಲಿಲ್ಲ. ಅಂಗಡಿಕಾರನಿಂದ ದೇವಸ್ಥಾನವೋ ಊರಿನ ಪಂಚಾಯಿತಿಯೋ ನೆಲಬಾಡಿಗೆ ವಸೂಲು ಮಾಡುತ್ತಿತ್ತು. ಜಾತ್ರೆ, ಸಂತೆಗಳ ಮೇಲಿನ ಶುಲ್ಕಕ್ಕೆ 1993ರ ಕರ್ನಾಟಕ ಪಂಚಾಯತ್‌ರಾಜ್ ಅಧಿನಿಯಮವೂ ಅವಕಾಶವಿತ್ತಿದೆ. ಆದರೆ ಬುತ್ತಿ ತಂದವನನ್ನು ತಡೆದು ಅಂಗಡಿಕಾರನ ಲಾಭವನ್ನು ಕಾಯುವ ಯೋಚನೆ ಆ ವ್ಯವಸ್ಥೆಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಗೋಡೆಯಿಲ್ಲದ ಬಯಲಿನಲ್ಲಿ ಅದು ಸಾಧ್ಯವಿರಲಿಲ್ಲ.

ನೀರಿನ ಮಾತು ಬೇರೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಸತ್ರಗಳೊಡನೆ 'ಅರವಂಟಿಗೆ'ಗಳಿಗೆ ಬಿಟ್ಟ ದತ್ತಿಗಳ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ದಾರಿಹೋಕನಿಗೆ ನೀರು ಕೊಡುವುದು ಧರ್ಮ, ಅದನ್ನು ಮಾರುವುದು ಯೋಚನೆಗೂ ನಿಲುಕದ್ದು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿಯಲ್ಲಿ ಚೈತ್ರ-ವೈಶಾಖಗಳ ಜಾತ್ರೆಗೆ ಅರವಟ್ಟಿಗೆ ಇಲ್ಲದಿದ್ದರೆ ಜನ ಸೇರುವುದೇ ಅಪಾಯ. ನೆಲದಲ್ಲಿ ಹೂತ ಹರವಿ, ಮೇಲೆ ಒದ್ದೆ ಬಟ್ಟೆ, ಹಿಡಿಕೆಯುಳ್ಳ ತಂಬಿಗೆ: ಇಷ್ಟೇ ಅದರ ಉಪಕರಣ.

ಹಾಗೆಂದು ಈ ಹಳೆಯ ವ್ಯವಸ್ಥೆಯನ್ನು ಸುವರ್ಣಯುಗವೆಂದು ಚಿತ್ರಿಸುವುದು ಚರಿತ್ರೆಗೆ ಅಪಚಾರವಾದೀತು. ಆ ತಂಬಿಗೆಯ ಉದ್ದನೆಯ ಹಿಡಿಕೆಗೂ ಒಂದು ಸಾಮಾಜಿಕ ಅರ್ಥವಿತ್ತು. ಮೇಲಿನಿಂದ ನೀರು ಸುರಿಯುವವನು, ಕೆಳಗೆ ಬೊಗಸೆಯೊಡ್ಡುವವನು ಎಂಬ ಅಂತರ ಅಸ್ಪೃಶ್ಯತೆಯ ಆಚರಣೆಯಿಂದ ಬೇರೆಯಾಗಿರಲಿಲ್ಲ. ಬುತ್ತಿಯ ಜನಪ್ರಿಯತೆಗೂ ಇದು ಭಾಗಶಃ ಕಾರಣ. ನಾನಾ ಜಾತಿಯವರು ತೊಡೆಗೆ ತೊಡೆ ತಾಗಿಸಿ ಕುಸ್ತಿ ನೋಡಬಹುದಿತ್ತು. ಒಬ್ಬರು ಬೇಯಿಸಿದ್ದನ್ನು ಇನ್ನೊಬ್ಬರು ಉಣ್ಣುವಂತಿರಲಿಲ್ಲ. ತನ್ನ ಗಂಟನ್ನು ತಾನು ತಂದವನಿಗೆ ಈ ಇಕ್ಕಟ್ಟಿರಲಿಲ್ಲ. ಅಂಗಡಿಯಲ್ಲಿ ಅನ್ನ-ಸಾರಿಗಿಂತ ಚುರುಮುರಿ, ಪುಠಾಣಿ, ಬತ್ತಾಸುಗಳೇ ಹೆಚ್ಚು ಮಾರಾಟವಾದುದಕ್ಕೂ, ಹುರಿದ, ಕರಿದ, ಒಣ ಪದಾರ್ಥಗಳಿಗೆ ಮಡಿ-ಮೈಲಿಗೆಯ ಕಟ್ಟು ಸಡಿಲವಾಗಿದ್ದುದು ಒಂದು ಕಾರಣವೆನ್ನಬೇಕು. ದಾಸೋಹದ ತತ್ವ ಈ ಕಟ್ಟನ್ನು ಒಡೆಯಲು ಹೊರಟದ್ದು. ಆಚರಣೆಯಲ್ಲಿ ಅದು ಎಲ್ಲೆಡೆ ಒಡೆಯಿತೆನ್ನಲಾಗದು. ಹಣ ಕೊಟ್ಟು ಸೋಡಾ ಕೊಂಡವನ ಜಾತಿಯನ್ನು ಗೋಲಿ ಸೀಸೆ ಕೇಳಲಿಲ್ಲ ಎಂಬುದನ್ನು ಮಾರುಕಟ್ಟೆಯ ಪರವಾಗಿ ಇಲ್ಲಿಯೇ ದಾಖಲಿಸಬೇಕು.

ಗೋಡೆ ಮತ್ತು ಟಿಕೆಟ್ ಬಂದದ್ದು ಕ್ರಿಕೆಟ್ಟಿನೊಡನೆ. ಇದಕ್ಕೆ ಕಲಬುರಗಿಯಿಂದ ಬೆಂಗಳೂರಿನತ್ತ ನೋಡಬೇಕಾಗುತ್ತದೆ, ಏಕೆಂದರೆ ರಾಜ್ಯದಲ್ಲಿ ಮುಚ್ಚಿದ ಕ್ರೀಡಾಂಗಣದ ಚರಿತ್ರೆ ಪ್ರಧಾನವಾಗಿ ಅಲ್ಲಿನದು. ಕಲಬುರಗಿಯ ನೂತನ ವಿದ್ಯಾಲಯದ ಮೈದಾನ ಇಂದಿಗೂ ಸಭೆ-ಸಮಾರಂಭಗಳ ಬಯಲಾಗಿಯೇ ಉಳಿದಿದೆ. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ 2023ರ ಕೊನೆಯಲ್ಲಿ ಅಂತರರಾಷ್ಟ್ರೀಯ ಟೆನಿಸ್ ಪಂದ್ಯಾವಳಿಯೇ ನಡೆಯಿತಾದರೂ ಸಾವಿರಾರು ಜನರ ಟಿಕೆಟ್ ಪ್ರದರ್ಶನದ ನೆಲೆಯಾಗಿ ಅದು ಬೆಳೆದಿಲ್ಲ. ಬೆಂಗಳೂರಿನ ಇಂದಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟ್ ಪಂದ್ಯ 1974ರ ನವೆಂಬರ್ 22ರಂದು ವೆಸ್ಟ್ ಇಂಡೀಸ್ ವಿರುದ್ಧ ಆರಂಭವಾಯಿತು. ಟೆಸ್ಟ್ ಕ್ರಿಕೆಟ್ ಒಂದು ವಿಲಕ್ಷಣ ಆಟ: ಊಟಕ್ಕೂ ಚಹಾಕ್ಕೂ ವಿರಾಮವನ್ನು ನಿಯಮದಲ್ಲಿಯೇ ಬರೆದುಕೊಂಡಿದೆ. ಆಟಗಾರ ಊಟಕ್ಕೆ ಎದ್ದಾಗ ಪ್ರೇಕ್ಷಕನೂ ತನ್ನ ಡಬ್ಬಿ ಬಿಚ್ಚುವುದು ಸಹಜ. ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ ತುಂಬಿದ ಟಿಫಿನ್ ಕ್ಯಾರಿಯರು ಜಾತ್ರೆಯ ಬುತ್ತಿಯ ನಗರರೂಪವಲ್ಲದೆ ಬೇರೆಯಲ್ಲ. ಐದು ದಿನದ ಆಟಕ್ಕೆ ಕುಟುಂಬಸಮೇತ ಬಂದು ಎಲ್ಲವನ್ನೂ ಕೊಂಡು ತಿನ್ನುವ ಶಕ್ತಿ ಆ ಕಾಲದ ಮಧ್ಯಮವರ್ಗಕ್ಕೆ ಇರಲೂ ಇಲ್ಲ.

ಈ ಡಬ್ಬಿ ದ್ವಾರದ ಹೊರಗುಳಿದುದು ಒಂದೇ ದಿನದಲ್ಲಿ ಅಲ್ಲ. ಮೂರು ಬೇರೆ ಬೇರೆ ಒತ್ತಡಗಳು ಕೂಡಿಕೊಂಡವು. ಮೊದಲನೆಯದು ಸೀಸೆ ಎಸೆಯುವ ಉಪದ್ರವ. 1996ರ ಮಾರ್ಚ್ 13ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ವಿಶ್ವಕಪ್ ಉಪಾಂತ್ಯದಲ್ಲಿ ಭಾರತ 8 ವಿಕೆಟ್‌ಗೆ 120 ರನ್ ಮಾಡಿ ಕುಸಿದಿದ್ದಾಗ ಪ್ರೇಕ್ಷಕರು ಸೀಸೆ, ಹಣ್ಣುಗಳನ್ನು ಎಸೆದು ಬೆಂಕಿ ಹಚ್ಚಿದರು. ಪಂದ್ಯವನ್ನು ಶ್ರೀಲಂಕಾಕ್ಕೆ ನೀಡಲಾಯಿತು. 2015ರ ಅಕ್ಟೋಬರ್ 5ರಂದು ಕಟಕ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಭಾರತ 92ಕ್ಕೆ ಪತನವಾದಾಗ ಮತ್ತೆ ನೀರಿನ ಸೀಸೆಗಳು ಹಾರಿ ಆಟ ನಿಂತಿತು. ಎರಡನೆಯದು ಭದ್ರತೆ. 2010ರ ಏಪ್ರಿಲ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೋಡೆಯ ಬಳಿ ಬಾಂಬ್‌ಗಳು ಸ್ಫೋಟಿಸಿ ಹಲವರು ಗಾಯಗೊಂಡರು, ಪಂದ್ಯ ತಡವಾಗಿ ನಡೆಯಿತು. ಅಂತಹ ಘಟನೆಗಳ ನಂತರ ಚೀಲ, ಡಬ್ಬಿ, ಸೀಸೆಗಳೆಲ್ಲ ಸಂಶಯದ ವಸ್ತುಗಳಾದುದನ್ನು ಆಕ್ಷೇಪಿಸುವುದು ಕಷ್ಟ. ಮೂರನೆಯದು ವಾಣಿಜ್ಯ. 1977ರಲ್ಲಿ ದೇಶ ಬಿಟ್ಟು 1993ರಲ್ಲಿ ಮರಳಿದ ಕೋಕಾ-ಕೋಲಾ 1996ರ ವಿಶ್ವಕಪ್ಪಿನ ಅಧಿಕೃತ ಪಾನೀಯವಾಯಿತು; ಪ್ರತಿಸ್ಪರ್ಧಿ ಪೆಪ್ಸಿ ಆ 'ಅಧಿಕೃತ' ಎಂಬ ಪದವನ್ನೇ ಗೇಲಿ ಮಾಡಿ ಜಾಹೀರಾತು ನೀಡಿತು. ಒಂದು ಪಾನೀಯ ಅಧಿಕೃತವೆಂದ ಮೇಲೆ ಉಳಿದವು ಅನಧಿಕೃತ. ಮನೆಯ ಮಜ್ಜಿಗೆಯೂ ಆ ಪಟ್ಟಿಗೇ ಸೇರಿತು.

ಕ್ರೀಡಾಂಗಣದ ತಿನಿಸನ್ನು ಗುತ್ತಿಗೆಗೆ ಕೊಡುವ ಪದ್ಧತಿ ಭಾರತದ್ದಲ್ಲ. ಅಮೆರಿಕದಲ್ಲಿ 1880ರ ದಶಕದ ಕೊನೆಯಲ್ಲಿ ಹ್ಯಾರಿ ಸ್ಟೀವನ್ಸ್ ಎಂಬ ಇಂಗ್ಲಿಷ್ ವಲಸಿಗ ಬೇಸ್‌ಬಾಲ್ ಮೈದಾನದಲ್ಲಿ ಅಂಕಪಟ್ಟಿ ಮಾರುವ ಹಕ್ಕು ಪಡೆದು, ಮುಂದೆ ಶೇಂಗಾ, ಸೋಡಾ, ಸಾಸೇಜುಗಳ ಮಾರಾಟವನ್ನು ದೊಡ್ಡ ಉದ್ಯಮವಾಗಿಸಿದ. ಶೇಂಗಾ ಎರಡೂ ಕಡೆಯ ಕಣಗಳಲ್ಲಿರುವುದು ಕುತೂಹಲಕರ. ಅಲ್ಲಿ ಅದು ಗುತ್ತಿಗೆದಾರನ ಪೊಟ್ಟಣ, ಇಲ್ಲಿ ಸೆರಗಿನ ಗಂಟು. ಭಾರತದಲ್ಲಿ ಈ ಮಾದರಿ ಪೂರ್ಣಗೊಂಡುದು ಆಟದ ಅವಧಿ ಕುಗ್ಗಿದಾಗ. ಇಂಡಿಯನ್ ಪ್ರೀಮಿಯರ್ ಲೀಗಿನ ಮೊದಲ ಪಂದ್ಯ 2008ರ ಏಪ್ರಿಲ್ 18ರಂದು ನಡೆದುದೂ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ. ಮೂರೂವರೆ ಗಂಟೆಯ ಸಂಜೆಯ ಆಟಕ್ಕೆ ಬುತ್ತಿ ಅನಿವಾರ್ಯವಲ್ಲ. ಆದ್ದರಿಂದ ಹೊರಗಿನ ತಿನಿಸನ್ನು ತಡೆದಾಗ ದೊಡ್ಡ ಪ್ರತಿಭಟನೆಯೂ ಏಳಲಿಲ್ಲ.

ಕಾನೂನು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ಕ್ರೀಡಾಂಗಣದ ವಿಷಯದಲ್ಲಿ ಅಲ್ಲ, ಚಿತ್ರಮಂದಿರದ ವಿಷಯದಲ್ಲಿ. ಜಮ್ಮು-ಕಾಶ್ಮೀರ ಉಚ್ಚ ನ್ಯಾಯಾಲಯ 2018ರಲ್ಲಿ ಪ್ರೇಕ್ಷಕರು ತಮ್ಮ ಆಹಾರವನ್ನು ಒಯ್ಯುವುದನ್ನು ತಡೆಯಬಾರದೆಂದು ಆದೇಶಿಸಿತ್ತು. 2023ರ ಜನವರಿ 3ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿ, ಚಿತ್ರಮಂದಿರ ಖಾಸಗಿ ಸ್ವತ್ತು, ಒಳಬರುವ ಷರತ್ತನ್ನು ವಿಧಿಸುವ ಹಕ್ಕು ಮಾಲೀಕರದು ಎಂದಿತು. ಆದರೆ ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಒದಗಿಸುವುದನ್ನೂ, ಹಸುಳೆಗಳಿಗೆ ಹೆತ್ತವರು ತರುವ ಆಹಾರಕ್ಕೆ ಆಕ್ಷೇಪವಿಲ್ಲದಿರುವುದನ್ನೂ ಅದೇ ತೀರ್ಪು ದಾಖಲಿಸಿಕೊಂಡಿತು. ಅನ್ನವನ್ನು ಮಾರುಕಟ್ಟೆಗೆ ಬಿಟ್ಟು ನೀರನ್ನು ಬಿಡದ ಈ ವಿಭಾಗಕ್ಕೂ, ಸತ್ರದ ಜೊತೆಗೆ ಅರವಂಟಿಗೆಗೆ ಬೇರೆಯಾಗಿ ದತ್ತಿ ಬಿಡುತ್ತಿದ್ದ ಶಾಸನಗಳಿಗೂ ಇರುವ ಹೋಲಿಕೆ ಗಮನಾರ್ಹ. ಒಂದೇ ಪೊಟ್ಟಣದ ಮೇಲೆ ಎರಡು ಗರಿಷ್ಠ ಮಾರಾಟ ಬೆಲೆಗಳನ್ನು ಮುದ್ರಿಸುವ ರೂಢಿಗೆ 2018ರ ಜನವರಿ 1ರಿಂದ ಜಾರಿಗೆ ಬಂದ ನಿಯಮಗಳು ತಡೆಯೊಡ್ಡಿದುದೂ ಇದೇ ದಿಕ್ಕಿನ ಹೆಜ್ಜೆ.

ಕ್ರೀಡಾಂಗಣದಲ್ಲಿ ನೀರು ಮರಳಿದುದು ನ್ಯಾಯಾಲಯದ ದಾರಿಯಿಂದಲ್ಲ. 2023ರ ಅಕ್ಟೋಬರಿನಲ್ಲಿ ಪುರುಷರ ಏಕದಿನ ವಿಶ್ವಕಪ್ ಆರಂಭವಾದಾಗ, ಭಾರತದ ಎಲ್ಲ ಕ್ರೀಡಾಂಗಣಗಳಲ್ಲಿ ಪ್ರೇಕ್ಷಕರಿಗೆ ಕುಡಿಯುವ ನೀರನ್ನು ಉಚಿತವಾಗಿ ನೀಡುವುದಾಗಿ ಕ್ರಿಕೆಟ್ ಮಂಡಳಿ ಘೋಷಿಸಿತು. ಬೆಂಗಳೂರಿನಲ್ಲಿ ನಡೆದ ಐದು ಪಂದ್ಯಗಳಿಗೂ ಅದು ಅನ್ವಯಿಸಿತು. ಮರುವರ್ಷದ ಬೇಸಿಗೆಯಲ್ಲಿ ನಗರವೇ ನೀರಿನ ಕೊರತೆಯಿಂದ ಬಳಲಿದಾಗ ಕ್ರೀಡಾಂಗಣದ ಹುಲ್ಲಿಗೆ ಸಂಸ್ಕರಿಸಿದ ನೀರನ್ನು ಬಳಸುವ ವ್ಯವಸ್ಥೆಯಾಯಿತು. ಹುಲ್ಲಿನ ನೀರಿನ ಬಗ್ಗೆ ನಡೆದಷ್ಟು ಚರ್ಚೆ ಪ್ರೇಕ್ಷಕನ ನೀರಿನ ಬಗ್ಗೆ ಹಿಂದೆಂದೂ ನಡೆದಿರಲಿಲ್ಲ ಎಂಬುದನ್ನು ಇಲ್ಲಿ ಹೇಳದಿರಲಾಗದು.

ಗೋಡೆಯಿಂದ ಹೊರಗುಳಿದವರಲ್ಲಿ ಬುತ್ತಿಯವನ ಜೊತೆಗೆ ಚುರುಮುರಿಯವನೂ ಇದ್ದಾನೆ. ಜಾತ್ರೆಯಲ್ಲಿ ಅವನು ಬುಟ್ಟಿ ಹೊತ್ತು ಕಣದ ಅಂಚಿನವರೆಗೆ ಬರುತ್ತಿದ್ದ. ಕ್ರೀಡಾಂಗಣದಲ್ಲಿ ಅವನ ಎಲ್ಲೆ ದ್ವಾರದ ಹೊರಗಿನ ಪಾದಚಾರಿ ಮಾರ್ಗ. 2014ರ ಬೀದಿ ವ್ಯಾಪಾರಿಗಳ ಅಧಿನಿಯಮ ಅವನ ಜೀವನೋಪಾಯಕ್ಕೆ ರಕ್ಷಣೆ ನೀಡಿದರೂ ಪಂದ್ಯದ ದಿನ ಭದ್ರತೆಯ ಹೆಸರಿನಲ್ಲಿ ಮೊದಲು ಎತ್ತಂಗಡಿಯಾಗುವುದು ಅವನದೇ ಗಾಡಿ. 2011ರ ಆಗಸ್ಟ್ 5ರಿಂದ ಜಾರಿಯಲ್ಲಿರುವ ಆಹಾರ ಸುರಕ್ಷತೆಯ ಕಾಯಿದೆಯು ಸಣ್ಣ ವ್ಯಾಪಾರಿಯಿಂದಲೂ ನೋಂದಣಿಯನ್ನು ಅಪೇಕ್ಷಿಸುತ್ತದೆ. ಕಾಗದದ ಮೇಲೆ ಅವನೂ ಒಳಗಿನ ಗುತ್ತಿಗೆದಾರನೂ ಒಂದೇ ಕಾಯಿದೆಯ ಅಡಿಯವರು.

ಸೇಡಂ ರಸ್ತೆಯತ್ತ ಮರಳಿದರೆ ಇನ್ನೊಂದು ಚಿತ್ರ ಕಾಣುತ್ತದೆ. 2020ರ ಫೆಬ್ರುವರಿ 5ರಿಂದ 7ರವರೆಗೆ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದುದು ಈ ರಸ್ತೆಯ ವಿಶ್ವವಿದ್ಯಾಲಯದ ಆವರಣದಲ್ಲಿ. ಅದು ಕ್ರೀಡೆಯಲ್ಲ, ಆದರೂ ಮಹಾಜನಸಂದಣಿಗೆ ಅನ್ನ-ನೀರು ಒದಗಿಸುವ ಪ್ರಶ್ನೆ ಒಂದೇ. ಅಲ್ಲಿ ಸಾಮೂಹಿಕ ಊಟವಿತ್ತು, ಅಂಗಡಿ ಸಾಲೂ ಇತ್ತು, ಊರುಗಳಿಂದ ಗಂಟು ಕಟ್ಟಿಕೊಂಡು ಬಂದವರನ್ನು ತಡೆಯುವವರಿರಲಿಲ್ಲ. ಜಾತ್ರೆಯ ಮೂರೂ ಬಗೆಗಳು ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಒಂದೆಡೆ ಇರಬಲ್ಲವೆಂಬುದಕ್ಕೆ ಇದು ಹತ್ತಿರದ ನಿದರ್ಶನ. ಇದಾದ ಎರಡು ವರ್ಷಕ್ಕೆ, 2022ರ ಆಗಸ್ಟ್‌ನಲ್ಲಿ, ಮಹಾರಾಜ ಟ್ರೋಫಿ ಟಿ-20 ಪಂದ್ಯಾವಳಿಯ ಮೊದಲ ಆವೃತ್ತಿಯನ್ನು 'ಗುಲಬರ್ಗಾ ಮಿಸ್ಟಿಕ್ಸ್' ತಂಡ ಗೆದ್ದಿತು. ಆ ಪಂದ್ಯಗಳು ನಡೆದುದು ಮೈಸೂರು ಮತ್ತು ಬೆಂಗಳೂರಿನಲ್ಲಿ. ತಮ್ಮ ಊರಿನ ಹೆಸರು ಹೊತ್ತ ತಂಡದ ಗೆಲುವನ್ನು ಕಣ್ಣಾರೆ ನೋಡಲು ಕಲಬುರಗಿಯಿಂದ ರಾತ್ರಿಯ ರೈಲು ಹತ್ತಿದವನು ರೊಟ್ಟಿ, ಹಿಂಡಿಯ ಗಂಟನ್ನು ದಾರಿಗೆ ಕಟ್ಟಿಕೊಳ್ಳಬಹುದಿತ್ತು. ಅದು ರೈಲಿನಲ್ಲಿಯೋ ಕ್ರೀಡಾಂಗಣದ ದ್ವಾರದ ಹೊರಗೋ ಮುಗಿಯಬೇಕಾಗಿತ್ತು.